ಮುಚ್ಚಿದರೂ ಉಳಿಯುವ ಹೆಜ್ಜೆ

ನಮ್ಮ ಮನೆಗಳಲ್ಲಿ ಬಹಳ ಕಡೆ ಫೋನು ಒಂದೇ. ಮನೆಯವರೂ ಅದನ್ನೇ ನೋಡುತ್ತಾರೆ. ಮಕ್ಕಳೂ ಅದನ್ನೇ ಹಿಡಿಯುತ್ತಾರೆ. ಕೆಲಸ ಮುಗಿದ ಮೇಲೆ ನಾವೂ ಅದನ್ನೇ ನೋಡುತ್ತೇವೆ. ಹೌದಲ್ಲವೇ?

ಈಗ ನಾವು ಓದಲು ಕಲಿತಿದ್ದೇವೆ. ಬೇಕಾದ್ದನ್ನು ಬರೆದು ಕೇಳುತ್ತೇವೆ. ಈರುಳ್ಳಿಗೆ ಎಷ್ಟು ದರ? ಬಾಣಂತಿಗೆ ಏನು ಊಟ? ಇವನ್ನು ಯಾರ ಎದುರು ಬೇಕಾದರೂ ಕೇಳಬಹುದು. ಆದರೆ ಎಲ್ಲವೂ ಹಾಗಲ್ಲ. ಮುಟ್ಟಿನ ತೊಂದರೆ ಇರುತ್ತದೆ. ಮನೆಯಲ್ಲಿ ಹೊಡೆತ ತಿನ್ನುವ ಅಕ್ಕ ಇರುತ್ತಾಳೆ. ಎಲ್ಲಿ ಸಹಾಯ ಸಿಗುತ್ತೆ ಎಂದು ಅವಳು ಗುಟ್ಟಾಗಿ ಹುಡುಕುತ್ತಾಳೆ. ಓದುತ್ತಾಳೆ. ಪುಟ ಮುಚ್ಚುತ್ತಾಳೆ. "ಮುಚ್ಚಿದೆನಲ್ಲ, ಇನ್ನು ಯಾರಿಗೂ ಗೊತ್ತಾಗಲ್ಲ" ಅಂದುಕೊಳ್ಳುತ್ತಾಳೆ.

ಗೊತ್ತಾಗುತ್ತದೆ ಅಕ್ಕಾ. ಹೇಗೆ ಅಂತ ನೋಡೋಣ.

ಪುಟ ತೋರಿಸುವ ಸಾಧನಕ್ಕೆ ಬ್ರೌಸರ್ ಎನ್ನುತ್ತಾರೆ. ಬಹಳ ಫೋನುಗಳಲ್ಲಿ ಇರುವುದು ಕ್ರೋಮ್. ಕೆಂಪು, ಹಳದಿ, ಹಸಿರು ಬಣ್ಣದ ಬಳೆ, ನಡುವೆ ನೀಲಿ ಬೊಟ್ಟು. ಅದೇ ಅದರ ಗುರುತು. ಅದನ್ನು ತೆರೆದರೆ ಒಂದು ಚಿಕ್ಕ ಚೌಕ ಕಾಣುತ್ತದೆ. ಚೌಕದೊಳಗೆ ಅಂಕಿ ಇರುತ್ತದೆ. 3 ಎಂದಿದ್ದರೆ ಮೂರು ಪುಟ ತೆರೆದಿವೆ ಎಂದು ಅರ್ಥ. ಹೀಗೆ ತೆರೆದ ಒಂದೊಂದಕ್ಕೂ ಟ್ಯಾಬ್ ಎನ್ನುತ್ತಾರೆ.

ಮೂವರು ಸಂತೆಗೆ ಹೋದರು ಅನ್ನಿ. ಒಬ್ಬೊಬ್ಬರದು ಒಂದೊಂದು ದಾರಿ. ತಾವು ಬಂದ ದಾರಿಯಲ್ಲಿ ಅವರು ಹಿಂದಕ್ಕೆ ಹೋಗಬಲ್ಲರು. ಇನ್ನೊಬ್ಬರ ದಾರಿ ಅವರಿಗೆ ತಿಳಿಯದು. ಟ್ಯಾಬೂ ಹಾಗೆಯೇ. ಹಿಂದಕ್ಕೆ ಹೋಗುವ ಬಾಣ ಒತ್ತಿದರೆ ಆ ಟ್ಯಾಬಿನ ದಾರಿ ಮಾತ್ರ ಸಿಗುತ್ತದೆ. ಕಂಪ್ಯೂಟರಿನಲ್ಲಿ ಹೊಸ ಟ್ಯಾಬ್ ತೆರೆದು ನೋಡಿ. ಬಾಣ ಮಸುಕಾಗಿರುತ್ತದೆ. ಅದು ಇನ್ನೂ ಎಲ್ಲಿಗೂ ಹೋಗಿಲ್ಲವಲ್ಲ!

ಆದರೆ ಸಂತೆಯ ಬಾಗಿಲಲ್ಲಿ ಒಬ್ಬ ಗುಮಾಸ್ತ ಕೂತಿದ್ದಾನೆ. ಯಾರು ಬಂದರೂ, ಯಾವ ಅಂಗಡಿಗೆ ಹೋದರೂ ಒಂದೇ ಪುಸ್ತಕದಲ್ಲಿ ಬರೆಯುತ್ತಾನೆ. ಆ ಪುಸ್ತಕಕ್ಕೆ ಹಿಸ್ಟರಿ ಎಂದು ಹೆಸರು. ಎಷ್ಟೇ ಟ್ಯಾಬ್ ಇರಲಿ, ಎಷ್ಟೇ ಕಿಟಕಿ ಇರಲಿ, ಪುಸ್ತಕ ಒಂದೇ. ಟ್ಯಾಬ್ ಮುಚ್ಚಿದರೆ ಸಂತೆಗೆ ಹೋದವರು ಮನೆಗೆ ಬಂದರು, ಅಷ್ಟೇ. ಬರೆದದ್ದು ಅಳಿಸುವುದಿಲ್ಲ. ಕ್ರೋಮಿನ ಹಿಸ್ಟರಿಯಲ್ಲಿ ಹಿಂದಿನ 90 ದಿನದ ಲೆಕ್ಕ ಕಾಣುತ್ತದೆ.

ಈ ಪುಸ್ತಕ ನೋಡಬೇಕೇ? ಮೂರು ಚುಕ್ಕೆ ಒತ್ತಿ. ಹಿಸ್ಟರಿ ಅಥವಾ ಇತಿಹಾಸ ಎಂದಿರುತ್ತದೆ. ಅದನ್ನು ಒತ್ತಿ. ದಿನದ ಪ್ರಕಾರ ಸಾಲಾಗಿ ಬರುತ್ತದೆ. ಬೇಡವಾದ ಸಾಲನ್ನು ಅಲ್ಲೇ ಅಳಿಸಬಹುದು. ಪೂರಾ ಪುಸ್ತಕ ಅಳಿಸಬಹುದು, ಆದರೆ ನಾವು ಹಾಗೆ ಮಾಡಿ ಎನ್ನುವುದಿಲ್ಲ. ನಿನ್ನೆಯವರೆಗೆ ತುಂಬಿದ್ದ ಪಟ್ಟಿ ಇವತ್ತು ಖಾಲಿ ಆದರೆ, ಅನುಮಾನದ ಗಂಡಸಿಗೆ ಅದೇ ಸಾಕು. ಆ ಒಂದು ಸಾಲು ಮಾತ್ರ ಅಳಿಸುವುದು ಜಾಣತನ.

ಇನ್ನೊಂದು ದಾರಿಯೂ ಇದೆ. ಅದಕ್ಕೆ ಇನ್‌ಕಾಗ್ನಿಟೊ ಅಥವಾ ಅಜ್ಞಾತ ಟ್ಯಾಬ್ ಎನ್ನುತ್ತಾರೆ. ಟೋಪಿ, ಕನ್ನಡಕದ ಚಿತ್ರ ಇರುತ್ತದೆ. ಅದರಲ್ಲಿ ಓದಿದ್ದನ್ನು ಗುಮಾಸ್ತ ಬರೆದಿಡುವುದಿಲ್ಲ. ಆದರೆ ಅಂಥ ಟ್ಯಾಬುಗಳನ್ನು ಎಲ್ಲವನ್ನೂ ಮುಚ್ಚಬೇಕು. ಎರಡು ತೆರೆದು ಒಂದನ್ನೇ ಮುಚ್ಚಿದರೆ ಆಗದು. ಪಾಸ್‌ವರ್ಡ್ ಹಾಕಿ ಹೋದ ಮನೆಯ ಬಾಗಿಲು ಆಗ ತೆರೆದೇ ಉಳಿಯುತ್ತದೆ. ಪೇಟೆಯ ಕಂಪ್ಯೂಟರ್ ಅಂಗಡಿಯಲ್ಲೂ ಇದನ್ನು ಮರೆಯಬಾರದು. ಇಳಿಸಿಕೊಂಡ ಫೋಟೋ, ಕಾಗದಗಳು ಮಾತ್ರ ಅಲ್ಲೇ ಉಳಿಯುತ್ತವೆ. ಇಂಟರ್‌ನೆಟ್ ಕೊಡುವ ಕಂಪನಿಗೂ ನಾವು ಎಲ್ಲಿಗೆ ಹೋದೆವು ಎಂಬುದು ಕಾಣಬಹುದು.

ಇನ್ನೊಂದು ಮಾತು. ನಮ್ಮ ಫೋನಿನಲ್ಲೂ ಮಗನ ಕಂಪ್ಯೂಟರಿನಲ್ಲೂ ಒಂದೇ ಗೂಗಲ್ ಖಾತೆ ಇದೆಯೇ? ಹಾಗಿದ್ದರೆ ಇಲ್ಲಿ ನೋಡಿದ್ದು ಅಲ್ಲೂ ಕಾಣಬಹುದು. ಖಾತೆ ಯಾರದು ಎಂದು ಮೊದಲು ಕೇಳಿ ತಿಳಿಯಿರಿ.

ಹೊಡೆತ ಬಡಿತ ಇರುವ ಮನೆಯ ಅಕ್ಕ ಹುಡುಕುತ್ತಾ ಕೂರಬೇಕಿಲ್ಲ. ಮಹಿಳಾ ಸಹಾಯವಾಣಿ 181. ದುಡ್ಡು ಬೇಡ. ನಂಬಿಕೆಯ ನೆರೆಯವಳ ಫೋನಿನಿಂದ ಮಾಡಿದರೆ ಇನ್ನೂ ಒಳ್ಳೆಯದು. ಮನೆಯ ಫೋನಿನಿಂದಲೇ ಮಾಡಿದರೆ ಆ ನಂಬರು ಕರೆಗಳ ಪಟ್ಟಿಯಲ್ಲಿ ಉಳಿಯುತ್ತದೆ. ಆ ಸಾಲನ್ನೂ ಒತ್ತಿ ಹಿಡಿದು ಅಳಿಸಬಹುದು.