ಕೊಸರಿಗೊಂದು ಇಂಗ್ಲಿಷ್ ಶಬ್ದ

ತಮ್ಮಾ, ನಿನ್ನ ನೌಕರಿ ಅರ್ಜಿ ಓದಿದೆ. ಒಂದೇ ಪುಟದಲ್ಲಿ ಅಡಿಷನಲ್, ಎಕ್ಸ್‌ಟ್ರಾ, ಸಪ್ಲಿಮೆಂಟರಿ, ಸರ್‌ಪ್ಲಸ್ ಎಲ್ಲವೂ ಕೂತಿವೆ, ಬನಶಂಕರಿ ಜಾತ್ರೆಗೆ ಹೊರಟ ಟಂಟಂನಲ್ಲಿ ಮಂದಿ ಕೂತ ಹಾಗೆ. ಒಂದೇ ಶಬ್ದ ಎರಡು ಸಲ ಬಂದರೆ ಮಾನ ಹೋಗುತ್ತದೆ ಅಂತ ನಿನಗೆ ಯಾರು ಹೇಳಿದರೋ! ಫೋನ್ ತೆಗೆದು ಹುಡುಕಿದೆ, ಸಿಕ್ಕಿದ್ದನ್ನೆಲ್ಲ ತುರುಕಿದೆ. ಜಾಣನೇ ನೀನು, ಗಡಿಬಿಡಿ ಹೆಚ್ಚು.

‘ನಿಮ್ಮ ಆಫೀಸಿಗೆ ಸರ್‌ಪ್ಲಸ್ ಆಗಿ ಸೇರಲು ಸಿದ್ಧ’ ಅಂತ ಬರೆದಿದ್ದೀಯಲ್ಲ, ಅಲ್ಲಿ ನನಗೆ ಚಹಾ ನೆತ್ತಿಗೇರಿತು. ಸರ್‌ಪ್ಲಸ್ ಅಂದರೆ ಬೇಕಾದಷ್ಟು ಆದ ಮೇಲೆ ಮಿಕ್ಕಿದ್ದು. ತಪ್ಪು ಪೂರಾ ನಿನ್ನದಲ್ಲ, ನಮ್ಮ ‘ಹೆಚ್ಚುವರಿ’ಯೂ ಮೋಸಗಾರ ಶಬ್ದವೇ. ಹೆಚ್ಚುವರಿ ಪೊಲೀಸ್ ವರಿಷ್ಠಾಧಿಕಾರಿ ಬಂದರೆ ಜನ ಎದ್ದು ನಿಲ್ಲುತ್ತಾರೆ. ಹೆಚ್ಚುವರಿ ಶಿಕ್ಷಕ ಅಂದರೆ ಗಂಟುಮೂಟೆ ಕಟ್ಟಬೇಕು. ಮಕ್ಕಳು ಕಡಿಮೆಯಾದ ವರ್ಷ ಆ ಪಟ್ಟಿಯಲ್ಲಿ ನನ್ನ ಹೆಸರು ಬಂತು. ನಿಮ್ಮಜ್ಜಿ ಬಡ್ತಿ ಅಂದುಕೊಂಡು ಮಾದಲಿ ಮಾಡಿದಳು! ಇಂಗ್ಲಿಷಿನಲ್ಲಾದರೆ ಆ ಸಾಹೇಬರು ಅಡಿಷನಲ್, ನಾನು ಸರ್‌ಪ್ಲಸ್. ಮಾದಲಿ ಉಳಿಯುತ್ತಿತ್ತು.

ಎಕ್ಸ್‌ಟ್ರಾ ಬಾಯಿಮಾತಿನ ಶಬ್ದ. ಖಾನಾವಳಿಯಲ್ಲಿ ಎಕ್ಸ್‌ಟ್ರಾ ರೊಟ್ಟಿ ಕೇಳು, ಅರ್ಜಿಯಲ್ಲಿ ಬೇಡ. ಕ್ರಿಕೆಟ್ಟಿನಲ್ಲಿ ಬ್ಯಾಟ್ಸ್‌ಮನ್ ಲೆಕ್ಕಕ್ಕೆ ಸೇರದ ರನ್ನೂ ಎಕ್ಸ್‌ಟ್ರಾನೇ. ನಮ್ಮ ಪತ್ರಿಕೆಯವರು ‘ಇತರೆ’ ಅಂತ ಬರೆದು ಪಾರಾದರು. ಸಪ್ಲಿಮೆಂಟರಿ ಅನ್ನುವುದು ಕೊರತೆ ತುಂಬುವಂಥದ್ದು. ಪೂರಕ ಪರೀಕ್ಷೆ ಬರೆದವನಿಗೆ ನಾನೇನು ಬಿಡಿಸಿ ಹೇಳಲಿ?

ಇನ್ನೂ ತಿಳಿಯದಿದ್ದರೆ ಅಜ್ಜಿಯ ಟ್ರಂಕು ತೆಗೆ. ಮೇಲೆಯೇ ಇಳಕಲ್ ಸೀರೆ ಇದೆ. ಮೈಯ ಹಾಸು ಹತ್ತಿಯದು, ಸೆರಗಿನದು ರೇಷ್ಮೆ. ಎರಡೂ ಕೂಡುವಲ್ಲಿ ಬೆರಳಾಡಿಸು, ಸಣ್ಣಗೆ ತಡೆಯುತ್ತದೆ. ಎಳೆಯ ಕುಣಿಕೆಯೊಳಗೆ ಎಳೆಯ ಕುಣಿಕೆ ಸಿಕ್ಕಿಸಿದ್ದಾರೆ, ಅದೇ ಕೊಂಡಿ. ಸೆರಗು ಆಮೇಲೆ ಬಂದು ಸೇರಿದ್ದೇ. ಹಾಗಂತ ಅದನ್ನು ಎಕ್ಸ್‌ಟ್ರಾ ಅಂದು ನೋಡು, ಇಳಕಲ್ಲಿನ ನೇಕಾರ ನಿನ್ನನ್ನು ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ. ಆ ಸೆರಗಿಲ್ಲದೆ ಅದು ಇಳಕಲ್ ಸೀರೆ ಹೇಗಾದೀತು? ಗುಳೇದಗುಡ್ಡದ ಖಣ ಬೇರೆ ಮಗ್ಗದ್ದು, ಸೀರೆಗೆ ಜೋಡಿಯಾಗಿ ಬಂದದ್ದು. ಅದು ಕಾಂಪ್ಲಿಮೆಂಟ್, ನಡುವೆ ‘ಇ’ ಅಕ್ಷರ ಇರುವ ಕಾಂಪ್ಲಿಮೆಂಟ್. ‘ಐ’ ಹಾಕಿದರೆ ಹೊಗಳಿಕೆಯಾಗುತ್ತದೆ; ನೀನು ‘ಐ’ ಹಾಕಿದ್ದೀಯ. ಕಸೂತಿ ಕಡೆಗೆ, ಮಧ್ಯಾಹ್ನ ಕಟ್ಟೆಯ ಮೇಲೆ ಕೂತು ಹಾಕಿದ್ದು. ಚಂದವೇ, ಆದರೆ ಇರದಿದ್ದರೂ ಸೀರೆ ಉಡಬಹುದಿತ್ತು.

ಕೊಸರಿಗೆ ಇಂಗ್ಲಿಷಿನಲ್ಲಿ ಏನು ಅಂತ ಹೋದ ಸಲ ಕೇಳಿದ್ದೆಯಲ್ಲ? ತೂಕ ಮುಗಿದ ಮೇಲೆ ಕಾಯಿಪಲ್ಲೆಯವ್ವ ಎರಡು ಮೆಣಸಿನಕಾಯಿ ಮೇಲೆ ಹಾಕುತ್ತಾಳಲ್ಲ, ಅದಕ್ಕೆ ಅಮೆರಿಕದ ನ್ಯೂ ಆರ್ಲಿಯನ್ಸ್ ಕಡೆ ‘ಲ್ಯಾನ್ಯಾಪ್’ ಅನ್ನುತ್ತಾರೆ. ಮಾರ್ಕ್ ಟ್ವೇನ್ 1883ರ ತನ್ನ ಮಿಸಿಸಿಪ್ಪಿ ಪುಸ್ತಕದಲ್ಲಿ ಆ ಶಬ್ದಕ್ಕೆ ಮನಸೋತು ಬರೆದಿದ್ದಾನೆ. ನನಗೂ ಖುಷಿಯಾಯಿತು. ಈಗ ಇದನ್ನೂ ಅರ್ಜಿಗೆ ತುರುಕಬೇಡ ಮತ್ತೆ!

ಭಾನುವಾರ ಬಾ. ತಟ್ಟುಕೋಟಿ ಕಡೆ ಹೋಗಿ ಕಪ್ಪೆ ಅರಭಟ್ಟನ ಶಾಸನ ನೋಡೋಣ. ಸುಮಾರು ಕ್ರಿ.ಶ. 700ರದು, ಬಂಡೆಯ ಮೇಲೆ ಉಳಿಯಲ್ಲಿ ಕೊರೆದದ್ದು. ಒಬ್ಬ ಗಂಡಸಿನ ಇಡೀ ಸ್ವಭಾವ ಮೂರು ಮೂರು ಸಾಲಿನ ತ್ರಿಪದಿಯಲ್ಲಿ ಹಿಡಿಸಿದೆ. ಅಲ್ಲಿಯ ಯಾವ ಶಬ್ದ ತೆಗೆಯಬಹುದು, ಹುಡುಕು. ಸಿಕ್ಕಿದರೆ ಕುರಕುರಿ ಗಿರಮಿಟ್ ನನ್ನ ಖರ್ಚು. ಅರ್ಜಿ ತರುವುದು ಮರೆಯಬೇಡ, ಕೆಂಪು ಪೆನ್ನು ನನ್ನ ಹತ್ತಿರ ಇದೆ.