ಲಾವಂಚದ ಸೆಂಟು: ಗಂಡಸರಿಗೆ ಯಾವುದು ಹೊಂದೀತು?

ಲಾವಂಚ ಬೆಳೆಯುವ ನಮ್ಮಲ್ಲಿ ಹೆಚ್ಚಿನವರಿಗೆ ಅದರ ಪರಿಮಳದ ಪರಿಚಯ ಬೇರಿನ ಮಟ್ಟಿಗೆ ಮಾತ್ರ. ಕುಡಿಯುವ ನೀರಿನ ಹೂಜೆಗೆ ನಾಲ್ಕು ಎಳೆ, ಬಟ್ಟೆಯ ಪೆಟ್ಟಿಗೆಗೆ ಒಂದು ಕಟ್ಟು. ಅಲ್ಲಿಗೆ ಮುಗೀತು. ಅದೇ ಬೇರಿನ ಎಣ್ಣೆ ‘ವೆಟಿವರ್’ ಹೆಸರಿನಲ್ಲಿ ಗಂಡಸರ ಸೆಂಟಾಗಿ ಪೇಟೆಯಲ್ಲಿ ಹತ್ತಾರು ಬಗೆಯಲ್ಲಿ ಸಿಗ್ತದೆ. ಈ ಹೆಸರು ನಮ್ಮ ಪಕ್ಕದ ತಮಿಳಿನದ್ದೇ. ‘ವೇರ್’ ಅಂದ್ರೆ ಬೇರು.

ಗಲ್ಫಿನಲ್ಲಿರುವ ತಮ್ಮನ ಮಗ ಕಳೆದ ರಜೆಗೆ ಬಂದಾಗ ಮೂರು ವೆಟಿವರ್ ಬಾಟಲಿ ತಂದಿದ್ದ. “ದೊಡ್ಡಪ್ಪ, ನೀವು ಲಾವಂಚ ಬೆಳೆಯುವವರಲ್ವಾ, ಇದರಲ್ಲಿ ಒಳ್ಳೆಯದು ಯಾವುದು ಹೇಳಿ” ಎಂದ. ಪ್ರಶ್ನೆ ಸಣ್ಣದು. ಆದರೆ ಒಂದು ಬಾಟಲಿಯ ಬೆಲೆಗೆ ನಮ್ಮಲ್ಲಿ ಎಷ್ಟೋ ಆಳಿನ ಕೂಲಿ ಆಗ್ತದೆ. ಕೊಳ್ಳುವವನಿಗೂ ಬೇರು ಮಾರುವವನಿಗೂ ಪರಿಮಳದ ಲೆಕ್ಕ ಗೊತ್ತಿರುವುದು ಒಳ್ಳೆಯದು. ನಾನು ಮೂಸಿ, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಒಂದೇ ಹುಲ್ಲು, ನಾಲ್ಕು ವಾಸನೆ

ಲಾವಂಚದ ಎಣ್ಣೆ ಎಲ್ಲ ಕಡೆಯದ್ದೂ ಒಂದೇ ಅಲ್ಲ. ತಳಿ, ಮಣ್ಣು, ಬೇರಿನ ಪ್ರಾಯ, ಬಟ್ಟಿ ಇಳಿಸುವ ಕ್ರಮ, ಈ ನಾಲ್ಕರ ಮೇಲೆ ವಾಸನೆ ನಿಂತಿದೆ.

ಹೈಟಿ: ಕೆರಿಬಿಯನ್ ಸಮುದ್ರದ ಈ ಬಡ ದೇಶ ಇಂದು ಲಾವಂಚದ ಎಣ್ಣೆಯಲ್ಲಿ ಮುಂದೆ ಉಂಟು. ದಕ್ಷಿಣದ ಲೆ ಕಾಯ್ ಊರಿನ ಸುತ್ತ ನಮ್ಮಂಥ ಸಣ್ಣ ರೈತರೇ ಬೆಳೆಯುವುದು. ವಾಸನೆ ಶುಭ್ರ, ಒಣ ಮರದ ಹಾಗೆ, ಸ್ವಲ್ಪ ಲಿಂಬೆಯ ಛಾಯೆ. ಹೆಚ್ಚಿನ ದುಬಾರಿ ಸೆಂಟುಗಳಿಗೆ ಹೋಗುವುದು ಇದೇ.

ಜಾವಾ: ಇಂಡೋನೇಷ್ಯಾದ ಗರುತ್ ಸೀಮೆಯದ್ದು. ಹೊಗೆ ಹಾಕಿದಂಥ, ಸ್ವಲ್ಪ ಸುಟ್ಟ ವಾಸನೆ. ಹಬೆಯ ಒತ್ತಡ ಜಾಸ್ತಿ ಕೊಟ್ಟು ಬೇಗ ಬಟ್ಟಿ ಇಳಿಸಿದರೆ ಹೀಗಾಗ್ತದೆ.

ಬೂರ್ಬನ್: ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಎಣ್ಣೆಗೆ ಹಳೆಯ ಹೆಸರು. ಮೆತ್ತಗಿನ, ತುಸು ಗುಲಾಬಿ ಛಾಯೆಯ ಪರಿಮಳ. ಈಗ ಅಲ್ಲಿ ಉತ್ಪಾದನೆ ತೀರಾ ಕಡಿಮೆ.

ಉತ್ತರ ಭಾರತದ ರೂಹ್ ಖಸ್: ಕಾಡು ಲಾವಂಚದ ಬೇರನ್ನು ಕನೌಜಿನವರು ತಾಮ್ರದ ಹಂಡೆಯಲ್ಲಿ, ಸಣ್ಣ ಉರಿಯಲ್ಲಿ ಬಟ್ಟಿ ಇಳಿಸ್ತಾರೆ. ತಾಮ್ರದ ಸಂಪರ್ಕದಿಂದ ಎಣ್ಣೆಗೆ ಹಸಿರು ಬಣ್ಣ ಬರ್ತದೆ. ವಾಸನೆ ಸಿಹಿ, ಗಾಢ. ಮೊದಲ ಮಳೆಗೆ ನೆನೆದ ಮಣ್ಣನ್ನು ನೆನಪಿಸುವಂಥದ್ದು.

ಉತ್ತರದ ತಳಿ ಹೂ ಬಿಟ್ಟು ಬೀಜ ಕಟ್ಟುವಂಥದ್ದು, ಬೇರು ಕಡಿಮೆ, ಪರಿಮಳ ಜಾಸ್ತಿ. ನಮ್ಮ ದಕ್ಷಿಣದ ತಳಿ ಬೀಜ ಕಟ್ಟುವುದಿಲ್ಲ, ಬೇರು ದಪ್ಪ, ಇಳುವರಿ ಹೆಚ್ಚು. ಲಖನೌದ ಕೇಂದ್ರ ಔಷಧೀಯ ಮತ್ತು ಸುಗಂಧ ಸಸ್ಯ ಸಂಸ್ಥೆ (ಸಿಮ್ಯಾಪ್) ಬಿಡುಗಡೆ ಮಾಡಿದ ತಳಿಗಳ ಹೆಸರಲ್ಲೇ ಪರಿಮಳ ಉಂಟು. ‘ಗುಲಾಬಿ’ಗೆ ಗುಲಾಬಿಯ ಛಾಯೆ, ‘ಕೇಸರಿ’ಗೆ ಕೇಸರಿಯದ್ದು. ‘ಧಾರಿಣಿ’ ಮಣ್ಣು ಹಿಡಿಯಲು ತಕ್ಕದ್ದು.

ಬೆಲೆ ಯಾಕೆ ಅಷ್ಟು?

ಬೇರು ಬಲಿಯಲು 15ರಿಂದ 18 ತಿಂಗಳು ಬೇಕು. ಒಣಗಿದ 100 ಕಿಲೋ ಬೇರಿನಿಂದ ಸಿಗುವ ಎಣ್ಣೆ ಹೆಚ್ಚೆಂದರೆ 1 ಕಿಲೋ ಆಸುಪಾಸು, ಎಷ್ಟೋ ಸಲ ಅದರ ಅರ್ಧ. ಎಣ್ಣೆ ಭಾರದ್ದು, ಬೇಗ ಆವಿಯಾಗದು. ಹಾಗಾಗಿ ಒಂದು ಹಗಲು ಒಂದು ರಾತ್ರಿ ಒಲೆ ಉರಿಯಬೇಕು. ಅಗೆಯುವ ಕೂಲಿ, ತೊಳೆಯುವ ಕೂಲಿ, ಸೌದೆ, ಎಲ್ಲ ಸೇರಿ ಬೆಲೆ ಏರ್ತದೆ.

ಈ ಭಾರವೇ ಅದರ ಗುಣ. ಬೇಗ ಹಾರಿಹೋಗುವ ಲಿಂಬೆ, ಕಿತ್ತಳೆಯ ವಾಸನೆಗಳನ್ನು ಇದು ಹಿಡಿದು ನಿಲ್ಲಿಸ್ತದೆ. ಮಣ್ಣನ್ನು ಹಿಡಿಯುವ ಬೇರು ಬಾಟಲಿಯೊಳಗೂ ಅದೇ ಕೆಲಸ ಮಾಡ್ತದೆ ಅನ್ನಿ. ಹಾಗಾಗಿ ಹೆಂಗಸರ ಎಷ್ಟೋ ಸೆಂಟುಗಳ ತಳದಲ್ಲೂ ಲಾವಂಚ ಇದ್ದೇ ಇರ್ತದೆ. ಲಾವಂಚವನ್ನೇ ಮುಂದಿಟ್ಟು ಗಂಡಸರಿಗೆಂದು ಮಾಡುವ ಪದ್ಧತಿ ಗಟ್ಟಿಯಾದದ್ದು ಫ್ರಾನ್ಸಿನಲ್ಲಿ, 1950ರ ದಶಕದ ಕೊನೆಗೆ. ಕಾರ್ವೆನ್ ಕಂಪೆನಿಯ ವೆಟಿವರ್ 1957ರದ್ದು. ಗೆರ್ಲೇನ್ ಕಂಪೆನಿಯದ್ದು ಅದರ ಬೆನ್ನಿಗೇ ಬಂತು.

ಮೂರು ಬಾಟಲಿಯ ಪರೀಕ್ಷೆ

ತಮ್ಮನ ಮಗ ತಂದದ್ದು ಗೆರ್ಲೇನಿನ ವೆಟಿವರ್, ಲಾಲೀಕ್ ಕಂಪೆನಿಯ ‘ಆಂಕ್ರ್ ನ್ವಾರ್’ (ಕಪ್ಪು ಶಾಯಿ ಎಂದರ್ಥ, 2006) ಮತ್ತು ಟಾಮ್ ಫೋರ್ಡ್ ಕಂಪೆನಿಯ ‘ಗ್ರೇ ವೆಟಿವರ್’ (2009).

ಗೆರ್ಲೇನಿನದ್ದು ಲಿಂಬೆಯಿಂದ ಸುರುವಾಗಿ ಜಾಯಿಕಾಯಿ, ಹೊಗೆಸೊಪ್ಪಿನ ಕಡೆ ಸಾಗಿ ಕೊನೆಗೆ ಬೇರಿಗೆ ಇಳೀತದೆ. ಆಗಷ್ಟೆ ಕ್ಷೌರ ಮಾಡಿ ಮಿಂದು ಬಂದವನ ವಾಸನೆ. ಗ್ರೇ ವೆಟಿವರಿನಲ್ಲಿ ಲಾವಂಚ ಇಸ್ತ್ರಿ ಹಾಕಿದ ಅಂಗಿಯ ಹಾಗೆ ಶಿಸ್ತಾಗಿ ಉಂಟು, ಮಣ್ಣಿನ ಅಂಶ ಕಡಿಮೆ. ಕಚೇರಿಗೆ ಹೋಗುವವರಿಗೆ ಹೇಳಿದ್ದು. ಆಂಕ್ರ್ ನ್ವಾರ್ ಹಾಗಲ್ಲ. ಅದು ಕತ್ತಲೆ ಕಾಡಿನ, ಒದ್ದೆ ಬೇರಿನ ವಾಸನೆ. ಮನೆಯಲ್ಲಿ ಇಬ್ಬರಿಗೆ ಹಿಡಿಸಲಿಲ್ಲ, ನನಗೆ ಹಿಡಿಸಿತು. ಅಗೆದ ಹೊಂಡದಲ್ಲಿ ಕೂತು ಅಭ್ಯಾಸ ಇರುವ ಮೂಗಲ್ವಾ!

ಹಾಗಾಗಿ ‘ಒಳ್ಳೆಯದು ಯಾವುದು’ ಎನ್ನುವುದಕ್ಕಿಂತ ‘ಯಾರಿಗೆ, ಯಾವ ಹೊತ್ತಿಗೆ’ ಎಂದು ಕೇಳುವುದು ಸರಿ.

ಆರಿಸುವ ಕ್ರಮ

1. ಬಾಟಲಿಯ ಬಾಯಿಗೆ ಮೂಗಿಟ್ಟು ನಿರ್ಧಾರ ಮಾಡಬೇಡಿ. ಅಲ್ಲಿ ಮದ್ಯಸಾರವೇ ಮೂಗಿಗೆ ಹೊಡೀತದೆ. ಶಾಯಿ ಹೀರುವ ಕಾಗದದ ಪಟ್ಟಿಗೆ ಒಂದು ಹನಿ ಹಾಕಿ ಹೆಸರು ಬರೆದಿಡಿ.

2. ಐದು ನಿಮಿಷಕ್ಕೆ ಒಮ್ಮೆ, ಒಂದು ಗಂಟೆಗೆ ಒಮ್ಮೆ, ಮರುದಿನ ಬೆಳಿಗ್ಗೆ ಒಮ್ಮೆ ಮೂಸಿ. ಲಾವಂಚ ಕೊನೆಗೆ ಬರುವ ಅತಿಥಿ. ಮೊದಲ ಐದು ನಿಮಿಷದ್ದು ಲಿಂಬೆಯ ಆಟ. ಮರುದಿನ ಉಳಿದದ್ದೇ ನೀವು ದುಡ್ಡು ಕೊಟ್ಟ ವಸ್ತು.

3. ಒಂದು ದಿನಕ್ಕೆ ಮೂರು ಸಾಕು. ಜಾಸ್ತಿಯಾದರೆ ಮೂಗು ಸೋಲ್ತದೆ.

4. ಕಾಗದದಲ್ಲಿ ಹಿಡಿಸಿದ್ದನ್ನು ಮೊಣಕೈಯ ಒಳಬದಿಗೆ ಹಚ್ಚಿ ನೋಡಿ. ಉಜ್ಜಬೇಡಿ. ಬೆವರಿನೊಡನೆ ಬೆರೆತಾಗ ವಾಸನೆ ಬದಲಾಗ್ತದೆ. ಕರಾವಳಿಯ ಏಪ್ರಿಲಿನಲ್ಲಿ ಗಾಢ ವಾಸನೆಗಳು ತಲೆ ಹಿಡಿಯಬಹುದು. ಸೆಕೆಗೆ ಹೈಟಿ ಬಗೆಯ ಶುಭ್ರ ವಾಸನೆ, ಮಳೆಗಾಲಕ್ಕೆ ಮತ್ತು ಚಳಿಗೆ ಗಾಢ ವಾಸನೆ, ಇದು ನನ್ನ ಲೆಕ್ಕ. ಚರ್ಮ ತುರಿಸಿದರೆ ಅಲ್ಲಿಗೇ ಬಿಡಿ.

5. ಲೇಬಲ್ಲಿನಲ್ಲಿ ‘ಕೊಲೋನ್’ ಎಂದಿದ್ದರೆ ತೆಳು, ‘ಟಾಯ್ಲೆಟ್’ ಎಂದಿದ್ದರೆ ಮಧ್ಯಮ, ‘ಪರ್ಫ್ಯೂಮ್’ ಎಂದಿದ್ದರೆ ಮಂದ. ಬೆಲೆ ಹೋಲಿಸುವಾಗ ಇದನ್ನೂ ನೋಡಿ.

6. ಮದ್ಯಸಾರ ಬೇಡ ಎನ್ನುವವರಿಗೆ ಅತ್ತರು ಉಂಟು. ಸಾಂಪ್ರದಾಯಿಕ ಅತ್ತರಿಗೆ ಗಂಧದೆಣ್ಣೆಯೇ ತಳ. ಗಂಧ ದುಬಾರಿಯಾದ ಮೇಲೆ ಬೇರೆ ದ್ರವಗಳು ಆ ಜಾಗಕ್ಕೆ ಬಂದಿವೆ. ತಳ ಯಾವುದೆಂದು ಕೇಳಿಯೇ ಕೊಳ್ಳಿ.

7. ಹಸಿರು ಬಣ್ಣ ನೋಡಿ ಮಾರುಹೋಗಬೇಡಿ. ಬಣ್ಣ ಹಾಕುವುದು ಸುಲಭ. ನಿಜವಾದ ಎಣ್ಣೆ ಮಂದ, ನಿಧಾನಕ್ಕೆ ಹರೀತದೆ, ಕಾಗದದಲ್ಲಿ ದಿನಗಟ್ಟಲೆ ವಾಸನೆ ಉಳೀತದೆ. ನಮ್ಮ ಗದ್ದೆಯ ಜೇಕಿನ ದಾಯಾದಿ ನಾಗರಮೋಥಾದ ಎಣ್ಣೆಗೂ ಹತ್ತಿರದ ವಾಸನೆ ಉಂಟು. ಬೆರೆಸಿದರೆ ಮೂಗಿಗೆ ಸಿಕ್ಕದೆ ಹೋದೀತು. ಖಚಿತ ಉತ್ತರ ಪ್ರಯೋಗಾಲಯದಲ್ಲಿ ಮಾತ್ರ.

ದುಡ್ಡು ಬೇಡ ಎನ್ನುವವರಿಗೆ ನಮ್ಮ ಹಳೆಯ ದಾರಿ ಇದ್ದೇ ಇದೆ. ತೊಳೆದ ಬೇರನ್ನು ರಾತ್ರಿ ನೀರಿಗೆ ಹಾಕಿಟ್ಟು, ಬೆಳಿಗ್ಗೆ ಆ ನೀರನ್ನು ಸ್ನಾನದ ಕೊನೆಯ ಚೊಂಬಿಗೆ ಬಳಸುವುದು. ಅಂಗಿಯ ಮಡಿಕೆಯಲ್ಲಿ ಒಂದು ಸಣ್ಣ ಕಟ್ಟು ಇಡುವುದು. ವಾಸನೆ ದೂರ ಹೋಗದು, ಹತ್ತಿರ ಬಂದವರಿಗೆ ಗೊತ್ತಾಗ್ತದೆ. ಅಷ್ಟು ಸಾಕಲ್ಲ?

ಬದುವಿನ ಲಾವಂಚ ಕೀಳಬೇಡಿ

ಸೆಂಟಿನ ಬೆಲೆ ಕೇಳಿ ಕೆಲವರಿಗೆ ಆಸೆ ಹುಟ್ಟುವುದು ಸಹಜ. ನಮ್ಮ ಹತ್ತಿರದ ಕೃಷಿಕರೊಬ್ಬರು ಗುಡ್ಡದ ಬದುವಿನಲ್ಲಿ ಹಾಕಿದ ಲಾವಂಚವನ್ನೇ ಅಗೆದು ಮಾರುವ ಅಂದಾಜಿನಲ್ಲಿದ್ದರು. “ಬೇರು ಹೇಗೂ ಉಂಟಲ್ಲ, ಸುಮ್ಮನೆ ಯಾಕೆ ಬಿಡುವುದು?” ಎಂಬುದು ಅವರ ವಾದ. “ಬೇರು ಸುಮ್ಮನೆ ಇಲ್ಲ, ಕೆಲಸ ಮಾಡ್ತಾ ಉಂಟು” ಎಂದೆ. ಮೂರು ಮೀಟರಿಗೂ ಆಳ ಇಳಿದ ಬೇರನ್ನು ತೆಗೆಯಬೇಕಾದರೆ ಬದುವನ್ನೇ ಬಗೆಯಬೇಕು. ಆಮೇಲೆ ಬರುವ ಮಳೆಗೆ ಮೇಲ್ಮಣ್ಣು ತೋಡಿಗೆ. ಹೈಟಿಯ ಗುಡ್ಡಗಳಲ್ಲಿ ಆಗಿರುವುದೂ ಇದುವೇ. ದುಡ್ಡಿನ ತುರ್ತಿಗೆ ಎಳೆ ಬೇರನ್ನೇ ಅಗೆದು ಎಣ್ಣೆಯ ಗುಣವೂ ಹೋಯ್ತು, ಮಣ್ಣೂ ಹೋಯ್ತು.

ನಮ್ಮ ಗುಂಡ್ಲುಪೇಟೆಯ ರೈತರು ನೂರಕ್ಕೂ ಹೆಚ್ಚು ವರ್ಷಗಳಿಂದ ಹೊಲದ ಗಡಿಗೆ ಲಾವಂಚದ ಸಾಲು ಹಾಕಿದವರು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಭಾರತದಲ್ಲಿ ಮಣ್ಣು ಉಳಿಸಲು ಇದೇ ಹುಲ್ಲನ್ನು ಪ್ರಚಾರ ಮಾಡಿದಾಗ, ಆ ಸಾಲುಗಳು ಹೊರಗಿನವರಿಗೆ ಪಾಠವಾದವು.

ಬೇರಿಗಾಗಿಯೇ ಬೆಳೆಯುವವರು ಸಮತಟ್ಟಾದ ಮರಳು ಮಿಶ್ರಿತ ಜಾಗ ಆರಿಸಿ. ಅಗೆಯಲು ಸುಲಭ, ಬೇರು ತುಂಡಾಗುವುದಿಲ್ಲ. ತಮಿಳುನಾಡಿನ ಕಡಲೂರು ಕಡೆಯವರು ಮರಳು ನೆಲದಲ್ಲೇ ಬೆಳೀತಾರೆ. ಬದುವಿಗೆ ಬೀಜ ಕಟ್ಟದ ದಕ್ಷಿಣದ ತಳಿಯ ತೆಂಡೆಯನ್ನೇ ನೆಡಿ. ಬೀಜದ ತಳಿ ಕಳೆಯಾಗಿ ಹಬ್ಬುವ ಅಪಾಯ ಉಂಟು. ಅಗೆದ ಬೇರನ್ನು ತೊಳೆದು ನೆರಳಲ್ಲಿ ಒಣಗಿಸಿ. ದಿನಗಟ್ಟಲೆ ಸುಡುಬಿಸಿಲಿಗೆ ಹಾಕಿದರೆ ಎಣ್ಣೆ ಕಡಿಮೆಯಾಗ್ತದೆ. ಕೊಳ್ಳುವವರು ಯಾರು, ಬಟ್ಟಿ ಎಲ್ಲಿ ಎಂದು ನಿಶ್ಚಯವಾಗದೆ ಗದ್ದೆಗಟ್ಟಲೆ ನೆಡುವುದು ಬೇಡ.

ತಮ್ಮನ ಮಗನಿಗೆ ಗೆರ್ಲೇನಿನ ಬಾಟಲಿ ನಿತ್ಯಕ್ಕೆ ಸಾಕು ಎಂದು ಹೇಳಿದೆ. ನೆರೆಯ ಕೃಷಿಕರು ಬದು ಮುಟ್ಟಲಿಲ್ಲ. ಅದರ ಬದಲು ತೋಡಿನ ಬದಿಯ ಮರಳು ಜಾಗದಲ್ಲಿ 200 ತೆಂಡೆ ನೆಟ್ಟಿದ್ದಾರೆ. ಬೇರು ಬಲಿಯಲು ಇನ್ನೊಂದು ಮಳೆಗಾಲ ಕಳೆಯಬೇಕು.