ದರೋಜಿಯಲ್ಲಿ ಕರಡಿ ನೋಡಬೇಕೆ? ಗೋಪುರದಲ್ಲೇ ಇರಿ

ಹಂಪಿಗೆ ಹೋದವರು ಹದಿನೈದು ಕಿಲೊಮೀಟರ್ ಆಸುಪಾಸಿನಲ್ಲಿರುವ ದರೋಜಿ ಕರಡಿಧಾಮಕ್ಕೂ ಒಂದು ಸುತ್ತು ಹಾಕಿಬರುವುದು ಈಗ ರೂಢಿ. 1994ರಲ್ಲಿ ಘೋಷಣೆಯಾದ ಈ ಕುರುಚಲು ಕಾಡು, ಬಂಡೆಗುಡ್ಡಗಳ ಧಾಮದಲ್ಲಿ ಸಂಜೆಯ ಹೊತ್ತು ವೀಕ್ಷಣಾ ಗೋಪುರದಲ್ಲಿ ಕಾದು ಕುಳಿತರೆ ಕರಡಿ ಕಾಣಿಸುವ ಸಾಧ್ಯತೆ ಚೆನ್ನಾಗಿಯೇ ಇದೆ. ಆದರೂ ಕಂಡವರಲ್ಲಿ ಹಲವರಿಗೆ ಸಮಾಧಾನವಿರುವುದಿಲ್ಲ. ಫೋನಿನಲ್ಲಿ ಕಪ್ಪು ಚುಕ್ಕಿಯಷ್ಟೇ ಬಂತು ಎಂದು ಗೊಣಗುತ್ತಾರೆ, ಇನ್ನಷ್ಟು ಹತ್ತಿರ ಬಿಡಿ ಎಂದು ಸಿಬ್ಬಂದಿಯನ್ನು ಪೀಡಿಸುತ್ತಾರೆ. ಕೆಲವರಂತೂ ಹೊರಬಂದ ಮೇಲೆ ಅಕ್ಕಪಕ್ಕದ ಗುಡ್ಡಗಳಲ್ಲಿ ಮುಸ್ಸಂಜೆಯಲ್ಲಿ ತಾವೇ ಹುಡುಕಲು ಹೊರಡುತ್ತಾರೆ. ಈ ಕೊನೆಯ ಸಾಹಸ ಏಕೆ ಕೂಡದು ಎಂಬುದಕ್ಕೆ ಉತ್ತರ ಕರಡಿಯ ದೇಹದಲ್ಲೇ ಇದೆ.

ನಮ್ಮ ಕರಡಿಗೆ ಮೂಗು ಬಲು ಚುರುಕು, ಕಣ್ಣು-ಕಿವಿ ಅಷ್ಟಕ್ಕಷ್ಟೆ. ಮೇಲ್ದವಡೆಯ ನಡುವಿನ ಎರಡು ಹಲ್ಲುಗಳಿಲ್ಲದ ಸಂದಿನಿಂದ ಅದು ಗೆದ್ದಲನ್ನು ಸೊರ್ರನೆ ಹೀರುತ್ತದೆ. ಹುತ್ತ ಬಗೆಯುತ್ತ, ಮಣ್ಣು ಊದುತ್ತ ಇರುವಾಗ ಆ ಸದ್ದಿನಲ್ಲಿ ಮನುಷ್ಯರ ಹೆಜ್ಜೆ ಅದಕ್ಕೆ ಕೇಳುವುದೇ ಇಲ್ಲ. ಗಾಳಿಯೂ ಎದುರಿನಿಂದ ಬೀಸುತ್ತಿದ್ದರೆ ನಿಮ್ಮ ವಾಸನೆಯೂ ತಲುಪದು. ಕೈಗೆಟಕುವಷ್ಟು ಹತ್ತಿರದಲ್ಲಿ ಥಟ್ಟನೆ ಎದುರಾದಾಗ ಗಾಬರಿಬಿದ್ದ ಕರಡಿ ಓಡುವುದಕ್ಕಿಂತ ಮೇಲೆರಗುವುದೇ ಹೆಚ್ಚು. ಬೆನ್ನ ಮೇಲೆ ಮರಿಗಳಿದ್ದರಂತೂ ಕೇಳುವುದೇ ಬೇಡ. ಉಗುರುಗಳು ನೇರ ಮುಖಕ್ಕೂ ತಲೆಗೂ ಬೀಳುತ್ತವೆ. ಕಾಡೆಂದರೆ ಸದ್ದಿಲ್ಲದೆ ನಡೆಯಬೇಕು ಎಂಬ ತಿಳಿವಳಿಕೆ ಇಲ್ಲಿ ತಿರುಗುಬಾಣವಾಗುತ್ತದೆ. ಗೋಪುರದಲ್ಲಿ ಮೌನ ಸರಿ. ಕರಡಿ ಇರುವ ಸೀಮೆಯ ಕಾಲುದಾರಿಯಲ್ಲಿ ಅನಿವಾರ್ಯವಾಗಿ ನಡೆಯಬೇಕಾದಾಗ ಗುಂಪಾಗಿ, ಗಟ್ಟಿಯಾಗಿ ಮಾತಾಡುತ್ತ ಸಾಗಬೇಕು. ಇಯರ್‌ಫೋನ್ ಸಿಕ್ಕಿಸಿಕೊಂಡು ಒಬ್ಬರೇ ನಡೆಯುವವರನ್ನು ದಡ್ಡರೆನ್ನದೆ ವಿಧಿಯಿಲ್ಲ. ಹಳ್ಳಿಯವರು ದಿನವೂ ಓಡಾಡುವುದಿಲ್ಲವೇ ಎಂದು ಕೇಳಬಹುದು. ಹೌದು, ಹೊಟ್ಟೆಪಾಡಿಗೆ ಓಡಾಡುತ್ತಾರೆ, ಗಾಯಗೊಳ್ಳುವವರೂ ಅವರೇ. ಪ್ರವಾಸಿಗಳಿಗೆ ಆ ದರ್ದು ಇಲ್ಲ.

ಹಾಗಾಗಿ ಮಧ್ಯಾಹ್ನವೇ ಹೊರಡಿ. ಪ್ರವೇಶದ ವೇಳೆ, ಶುಲ್ಕ ಬದಲಾಗುತ್ತಿರುವುದರಿಂದ ಅರಣ್ಯ ಇಲಾಖೆಯಲ್ಲಿ ಮೊದಲೇ ವಿಚಾರಿಸಿಕೊಳ್ಳಿ. ಬೈನಾಕ್ಯುಲರ್ ಇಲ್ಲದೆ ಹೋಗುವುದು ದಂಡ. ಎಂಟು ಪಟ್ಟು ಹಿಗ್ಗಿಸಿ ತೋರಿಸುವುದು ಸಾಕು. ಮಣ್ಣಿನ ಬಣ್ಣದ ಬಟ್ಟೆ ತೊಡಿ. ಮೂಗೇ ಕಣ್ಣಾಗಿರುವ ಪ್ರಾಣಿಯನ್ನು ನೋಡಲು ಹೋಗುವಾಗ ಸೆಂಟು ಬೇಡ. ತಿಂಡಿ ಪೊಟ್ಟಣ ಕಾರಿನಲ್ಲೇ ಇರಲಿ. ಗೋಪುರಕ್ಕೆ ಬಂದಮೇಲೆ ಫೋನ್ ಸೈಲೆಂಟಿಗೆ ಹಾಕಿ, ಫ್ಲ್ಯಾಷ್ ಆರಿಸಿ, ಕುಳಿತುಬಿಡಿ. ಬಿಸಿಲಿಳಿದಂತೆ ಗುಡ್ಡದ ಸಂದುಗಳಿಂದ ಕರಡಿಗಳು ಇಳಿಯುತ್ತವೆ. ಸಿಬ್ಬಂದಿ ಬಂಡೆಗೆ ಬೆಲ್ಲದ ಪಾಕ ಸವರುವುದರಿಂದಲೇ ಅವು ಬರುತ್ತವೆ, ಇದೆಂಥ ಕಾಡುಕರಡಿ ದರ್ಶನ ಎಂಬ ಆಕ್ಷೇಪ ಉಂಟು. ಅದರಲ್ಲಿ ಹುರುಳಿದೆ. ಗೆದ್ದಲು, ಇರುವೆ, ಜೇನು, ಬೋರೆ ಹಣ್ಣು ತಿಂದು ಬದುಕುವ ಪ್ರಾಣಿಗೆ ಬೆಲ್ಲದ ರುಚಿ ಹತ್ತಿಸುವುದು ಒಳ್ಳೆಯ ಅಭ್ಯಾಸವಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ಆ ತಕರಾರನ್ನು ಮುಂದಿಟ್ಟು ಗೋಪುರ ಬಿಟ್ಟು ಗುಡ್ಡ ಹತ್ತಿದರೆ ಕರಡಿಯ ಸಹಜ ಬದುಕಿಗೆ ಇನ್ನೂ ಹೆಚ್ಚಿನ ಅಡ್ಡಿ. ಹಗಲೆಲ್ಲ ಅದು ತಂಗುವುದು, ಮರಿ ಹಾಕುವುದು ಅದೇ ಬಂಡೆಗವಿಗಳಲ್ಲಿ. ಹಾಗೆಯೇ, ಸಿಬ್ಬಂದಿ ಸವರಿದರೆಂದು ನೀವೂ ಬಾಳೆಹಣ್ಣು ಎಸೆಯುವಂತಿಲ್ಲ. ಕರಡಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ.

ಎಚ್ಚರ ತಪ್ಪಿ ಎದುರಾದರೆ? ದೂರವಿದ್ದರೆ ಬೆನ್ನು ತೋರಿಸದೆ ಮೆಲ್ಲಗೆ ಹಿಂದೆ ಸರಿಯಿರಿ. ಓಟದಲ್ಲಿ ಕರಡಿಯೇ ಮುಂದು. ಇಳಿಜಾರಿನಲ್ಲಿ ಓಡಿದರೆ ಕೂದಲು ಕಣ್ಣಿಗಡ್ಡ ಬಂದು ಅದಕ್ಕೆ ದಾರಿ ಕಾಣದು ಎಂಬ ಮಾತನ್ನು ನಂಬಬೇಡಿ. ಕರಡಿ ಎದುರಾದ ಇಬ್ಬರು ಗೆಳೆಯರ ಹಳೆಯ ಕಥೆಯಲ್ಲಿ ಒಬ್ಬ ಮರ ಹತ್ತಿ ಉಳಿದ, ಆದರೆ ನಮ್ಮ ಕರಡಿ ಮರವನ್ನೂ ಹತ್ತುತ್ತದೆ. ಮೇಲೆಬಿದ್ದರೆ ಬೋರಲಾಗಿ ಮಲಗಿ, ಬೆರಳು ಹೆಣೆದ ಕೈಗಳಿಂದ ಕುತ್ತಿಗೆಯ ಹಿಂಭಾಗ ಮುಚ್ಚಿಕೊಂಡು, ಅದು ಹೋಗುವವರೆಗೆ ಅಲುಗಾಡಬೇಡಿ. ಗಾಯ ಪರಚಿದಷ್ಟೇ ಆಗಿದ್ದರೂ ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು, ರೇಬಿಸ್ ಚುಚ್ಚುಮದ್ದಿಗೆ ತಡಮಾಡದೆ ಆಸ್ಪತ್ರೆಗೆ ಹೋಗಿ.